ಒಂದೇ ಉಸಿರಿನ ರೆಕಾರ್ಡು

ಬಾಗಿಲು ಹಾಕಿದ ಸದ್ದು ನನಗೆ ಕೇಳಿಸಲೇ ಇಲ್ಲ. ಬೆನ್ನ ಹಿಂದೆ ಬಿದ್ದಿದ್ದ ಮಧ್ಯಾಹ್ನದ ಬಿಸಿಲು ಇದ್ದಕ್ಕಿದ್ದಂತೆ ಇಲ್ಲವಾಯಿತು, ಅಷ್ಟೆ. ತಿರುಗಿ ನೋಡಿದರೆ ರಾಜೇಂದ್ರನ್ ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದರು.

“ಬಾಗ್ಲು ಯಾಕೆ ಹಾಕ್ದಿರಿ ಅಣ್ಣೆ?” ಎಂದೆ.

“ಹೊರ್ಗೆ ಗಾಳಿ ತಂಗಚ್ಚಿ. ತೆರ್ದಿದ್ರೆ ಇಲ್ಲಿ ಒಂದೂ ಸೆರಿಯಾಗಿ ಕೇಳ್ಸಾಕಿಲ್ಲೆ.”

ಹಾಕಿದರೆ ಹೊರಗೆ ಒಂದೂ ಕೇಳಿಸುವುದಿಲ್ಲ. ಅದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಹನುಮಂತನಪಟ್ಟಿಯ ಅವರ ದ್ರಾಕ್ಷಿ ತೋಟದ ನಡುವೆ ಇರುವ ಈ ಕಟ್ಟಡ ಹಿಂದೆ ಹಣ್ಣು ತುಂಬುವ ಶೆಡ್ಡು. ಈಗ ಸ್ಟುಡಿಯೊ. ಗೋಡೆಗೆಲ್ಲ ತೆಂಗಿನ ನಾರು, ನಾರಿನ ಮೇಲೆ ಸ್ಪಂಜು, ಕಿಟಕಿಗಳಿದ್ದ ಜಾಗಕ್ಕೆ ಇಟ್ಟಿಗೆ. ಒಳಗೆ ಗಿಟಾರ್ ಎಷ್ಟು ಅರಚಿದರೂ ಹೊರಗೆ ಬಳ್ಳಿ ಸವರುವ ಆಳುಗಳಿಗೆ ಗೊತ್ತಾಗಬಾರದು ಎಂದು ಕಟ್ಟಿಸಿದ್ದು. ಗಿಟಾರೇ ಕೇಳದ ಮೇಲೆ ಒಬ್ಬ ಹೆಂಗಸಿನ ಕೂಗು ಯಾರಿಗೆ ಕೇಳೀತು?

ನನಗೆ ಭಯವಾಯಿತು. ಹೇಳಿಕೊಳ್ಳಲು ನಾಚಿಕೆಯೇನಿಲ್ಲ. ತೇನಿಯಲ್ಲಿ ‘ಮುತ್ತುಸೆಲ್ವಿ ಪತ್ತೇದಾರಿ ಸಂಸ್ಥೆ’ ಎಂದು ನನ್ನ ಬೋರ್ಡು ತೂಗುತ್ತದೆ ನಿಜ, ಆದರೆ ಅಲ್ಲಿ ನಡೆಯುವುದು ಮದುವೆ ವಿಚಾರಣೆ. ಹುಡುಗ ಕುಡಿಯುತ್ತಾನೆಯೇ, ಹುಡುಗಿಗೆ ಹಿಂದೆ ಯಾರಾದರೂ ಇದ್ದರೇ, ಇಷ್ಟೇ ನನ್ನ ಲೋಕ. ಬೀಗರ ಮನೆಯ ಕಾಫಿ ಕುಡಿದು ಅವರ ಗುಟ್ಟು ಎಳೆಯುವವಳು ನಾನು. ಕೊಲೆ ಮಾಡಿದವರ ಎದುರು ಮುಚ್ಚಿದ ಕೋಣೆಯಲ್ಲಿ ನಿಲ್ಲುವ ಅಭ್ಯಾಸ ನನಗೆಲ್ಲಿಂದ ಬರಬೇಕು?

ಆದರೂ ಬಂದಿದ್ದೆ. ಎಳಿಲನಿಗಾಗಿ.

ಎಳಿಲ್ ನನ್ನ ತಮ್ಮನ ಮಗ. ತಮ್ಮ, ಅವನ ಹೆಂಡತಿ ಇಬ್ಬರೂ ಬಸ್ಸಿನ ಅಪಘಾತದಲ್ಲಿ ಹೋದ ಮೇಲೆ ನಾನೇ ಸಾಕಿದೆ. ಅನ್ನ ಕಲಸಿ ಬಾಯಿಗೆ ಇಟ್ಟ ಕೈ ಇದು. ಕಳೆದ ತಿಂಗಳು ಈ ತೋಟದ ಬಾವಿಯಲ್ಲಿ ಪಾಂಡಿಯರಾಜನ್ ಎಂಬ ರೆಕಾರ್ಡಿಂಗ್ ಹುಡುಗನ ಹೆಣ ತೇಲಿದಾಗ ಎಲ್ಲರೂ ಕಾಲು ಜಾರಿದ ಎಂದರು. ತಲೆಯ ಗಾಯ ನೀರಿಗೆ ಬೀಳುವ ಮೊದಲೇ ಆದದ್ದು ಎಂದು ಡಾಕ್ಟರು ಬರೆದದ್ದೇ ತಡ, ಪೊಲೀಸರು ಎಳಿಲನನ್ನು ಎತ್ತಿಕೊಂಡು ಹೋದರು. ಸಾಯುವ ಮೊದಲಿನ ದಿನ ಟೀ ಅಂಗಡಿಯ ಮುಂದೆ ಅವನೂ ಪಾಂಡಿಯೂ ಅಂಗಿ ಹಿಡಿದು ಜಗಳವಾಡಿದ್ದನ್ನು ಅರ್ಧ ಊರು ನೋಡಿತ್ತು.

ಇವತ್ತು ಬೆಳಿಗ್ಗೆ ನಾನು ಅವನನ್ನು ಬಿಡಿಸಿಕೊಂಡು ಬಂದೆ. ವಕೀಲರಿಂದಲ್ಲ, ಒಂದು ಆಲ್ಬಮ್ಮಿನಿಂದ.

“ಕೂತ್ಕೋ ತಂಗಚ್ಚಿ,” ಎಂದರು ರಾಜೇಂದ್ರನ್.

“ಪರ್ವಾಯಿಲ್ಲೆ. ನಿಂತೇ ಮಾತಾಡ್ತೀನಿ.”

ಅವರು ತೋಟದಿಂದ ನೇರ ಬಂದಿದ್ದರು. ಸೊಂಟದಲ್ಲಿ ಬಳ್ಳಿ ಕತ್ತರಿಸುವ ಕತ್ತರಿ ಇತ್ತು. ಅದನ್ನು ತೆಗೆದು ಮೇಜಿನ ಮೇಲಿಟ್ಟರು. ಹೊರಗಾದರೆ ಅದು ಸದ್ದೇ ಅಲ್ಲ. ಈ ಕೋಣೆಯಲ್ಲಿ ನನ್ನ ಹಲ್ಲಿಗೆ ತಾಗಿದ ಹಾಗಾಯಿತು.

ಮೇಜಿನ ಮೇಲೆ ಆಲ್ಬಮ್ಮಿನ ಅಟ್ಟೆ, ಅದರ ರಟ್ಟಿನ ಹೊದಿಕೆ, ಬಿದ್ದಿತ್ತು. ಮೇಲೆ ಮೇಗಮಲೈ ಬೆಟ್ಟದ ಸಾಲು, ಅದರ ಬುಡಕ್ಕೆ ಯಾರೋ ಬರೆದ ನೀಲಿ ಕಡಲು. ತಂಡದ ಹೆಸರು ಅಲೈ ಮೂವರ್, ಅಲೆಯ ಮೂವರು. ಗಿಟಾರ್ ಎಳಿಲ್, ತಗ್ಗು ಸ್ವರದ ಬಾಸ್ ಗಿಟಾರ್ ರಾಜೇಂದ್ರನ್, ಡ್ರಮ್ ಯುವಶ್ರೀ. ಹಾಡುವವರಿಲ್ಲ, ಮಾತಿಲ್ಲ, ಬರೀ ವಾದ್ಯ. ಕಡಲಲೆಯ ಮೇಲೆ ಹಲಗೆ ಹತ್ತಿ ಜಾರುವವರಿಗೆಂದು ಯಾವುದೋ ದೇಶದವರು ಕಟ್ಟಿದ ಸಂಗೀತ, ಸರ್ಫ್ ರಾಕ್ ಎನ್ನುತ್ತಾರೆ. ಸಮುದ್ರವೇ ಕಾಣದ ಕಂಬಂ ಕಣಿವೆಯ ನಮ್ಮ ಒಕ್ಕಲು ಮಕ್ಕಳಿಗೆ ಈ ಹುಚ್ಚು ಹೇಗೆ ಹತ್ತಿತೋ ದೇವರೇ ಬಲ್ಲ.

ಅಟ್ಟೆಯ ಹಿಂದೆ ದಪ್ಪ ಅಕ್ಷರದಲ್ಲಿ ಅಚ್ಚಾಗಿತ್ತು: ಮೂವರೂ ಒಟ್ಟಿಗೆ, ಒಂದೇ ಉಸಿರಿನಲ್ಲಿ ನುಡಿಸಿದ್ದು, ಆಮೇಲೆ ಏನನ್ನೂ ಸೇರಿಸಿಲ್ಲ, ತಿದ್ದಿಲ್ಲ.

ಆ ಒಂದು ಮಾತಿನ ಮೇಲೆಯೇ ನಾನು ಎಳಿಲನನ್ನು ಹೊರಗೆ ತಂದದ್ದು.

“ಐದ್ನೇ ಪಾಟ್ಟು ಹಾಕಿ ಅಣ್ಣೆ,” ಎಂದೆ.

ರಾಜೇಂದ್ರನ್ ಕಂಪ್ಯೂಟರಿನ ಮುಂದೆ ಕೂತರು. ಆ ನುಡಿಕೆಯ ಹೆಸರು ‘ಆಡಿ ಗಾಳಿ’, ಆಷಾಢದ ಗಾಳಿ. ಡ್ರಮ್ ಓಡತೊಡಗಿತು, ಗಿಟಾರ್ ಅದರ ಬೆನ್ನು ಹತ್ತಿತು. ನಡುವೆ ಒಂದು ಕಡೆ ಬಾಸ್ ತಗ್ಗಿ ನಿಂತೇಹೋಯಿತು. ಆಗ ಬಂತು ಆ ಗುಡುಗು. ಬಂಡೆಯ ಮೇಲೆ ಅಲೆ ಅಪ್ಪಳಿಸಿದಂಥ, ತಗಡಿನ ಮನೆಯೇ ಕುಸಿದಂಥ ಸದ್ದು. ಅದರ ಮೇಲೆ ಎಳಿಲನ ಗಿಟಾರ್ ಒಂದು ಕ್ಷಣವೂ ತಡವರಿಸದೆ ಓಡಿತು.

ಅದು ಯಾವ ಸದ್ದು ಎಂದು ನನಗೆ ಈಗ ಗೊತ್ತು. ಈ ಸಂಗೀತಕ್ಕೆ ಒಂದು ಪೆಟ್ಟಿಗೆ ಬೇಕು. ಒಳಗೆ ಉದ್ದುದ್ದ ಸ್ಪ್ರಿಂಗುಗಳಿರುತ್ತವೆ. ಗಿಟಾರಿನ ನಾದ ಅವುಗಳಲ್ಲಿ ಹಾದು ಬಂದರೆ ಒದ್ದೆಯಾದಂತೆ, ನೀರಿನೊಳಗಿಂದ ಬಂದಂತೆ ಕೇಳುತ್ತದೆ. ಪೆಟ್ಟಿಗೆಗೆ ಏನಾದರೂ ಬಡಿದರೆ ಸ್ಪ್ರಿಂಗುಗಳು ಒಂದಕ್ಕೊಂದು ತಾಗಿ ಗುಡುಗುತ್ತವೆ. ಡ್ರಮ್ಮಿನ ಅದುರಾಟಕ್ಕೆ ಗುಡುಗದಿರಲಿ ಎಂದು ಅದನ್ನು ಒಳಗಿನ ಸಣ್ಣ ಕೋಣೆಯಲ್ಲಿ ಇಟ್ಟಿದ್ದರು. ಪಾಂಡಿಯರಾಜನ್ ಕೂತು ರೆಕಾರ್ಡ್ ಮಾಡುತ್ತಿದ್ದದ್ದೂ ಅಲ್ಲೇ. ಅಲ್ಲಿಂದ ಹಿಂದಕ್ಕೆ ಒಂದು ಬಾಗಿಲು, ಬಾಗಿಲಿನಾಚೆ ಬಾವಿ.

ಪೆಟ್ಟಿಗೆಯ ಮೂಲೆ ನೆಗ್ಗಿತ್ತು. ಆ ನೆಗ್ಗಿನೊಳಗೆ ಒಣಗಿದ ರಕ್ತ ಸಿಕ್ಕಿತು. ಪಾಂಡಿಯ ತಲೆ ಅಲ್ಲಿ ಬಡಿದದ್ದು ಆ ಗುಡುಗಿನ ಗಳಿಗೆಯಲ್ಲಿ. ಆ ಗಳಿಗೆಯಲ್ಲಿ ಎಳಿಲನ ಎರಡು ಕೈಯೂ ಗಿಟಾರಿನ ಮೇಲಿದ್ದವು. ಇನ್ಸ್‌ಪೆಕ್ಟರ್ ಮೋಹನ್‌ರಾಜ್ ಅದನ್ನು ಮತ್ತೆ ಮತ್ತೆ ಹಾಕಿಸಿ ಕೇಳಿ, ಅಟ್ಟೆಯ ಹಿಂದಿನ ಮಾತನ್ನು ಓದಿ, ಬೇರೆ ದಾರಿಯಿಲ್ಲದೆ ಹುಡುಗನನ್ನು ಬಿಟ್ಟರು.

ಸ್ಟೇಷನ್ನಿನ ಮುಂದೆ ಪಾಂಡಿಯ ತಾಯಿ ಮುನಿಯಮ್ಮಾಳ್ ನಿಂತಿದ್ದಳು. ನನ್ನ ದಾರಿಗೆ ಅಡ್ಡ ಬಂದಳು.

“ನೀನ್ ಎತ್ತಿಲ್ಲೆ, ಒತ್ತಿಲ್ಲೆ, ಆ ಮಗನ್ಗೇ ಇಷ್ಟು ಓಡಾಡ್ತೀಯೆ. ನಾನ್ ಎತ್ತೋನು ಬಾವಿಯಾಗೆ ಬಿದ್ದಿದ್ದ ಕಣೇ,” ಎಂದಳು. “ಯಾರು ಅಂತ ಏಳ್ಬುಟ್ಟು ಓಗು.”

ಹೇಳುತ್ತೇನೆ ಎಂದು ಮಾತು ಕೊಟ್ಟೆ. ಎಳಿಲನನ್ನು ಯುವಶ್ರೀಯ ಸ್ಕೂಟರಿನಲ್ಲಿ ತೇವಾರಂನ ನನ್ನ ಅಕ್ಕನ ಮನೆಗೆ ಕಳಿಸಿದೆ. ‘ಅವನನ್ನು ಒಬ್ಬನನ್ನೇ ಬಿಡಬೇಡ ಕಣ್ಣು, ಜೊತೆಗೇ ಇರು’ ಎಂದು ಆ ಹುಡುಗಿಯ ಕೈ ಹಿಡಿದು ಹೇಳಿದೆ. ಅವಳು ಏನೋ ಹೇಳಲು ಬಾಯಿ ತೆರೆದಳು. ಆಮೇಲೆ ಸುಮ್ಮನೆ ತಲೆಯಾಡಿಸಿ ಗಾಡಿ ಹತ್ತಿದಳು.

ನಿಜವಾದ ಕೊಲೆಗಾರ ಸಿಗದಿದ್ದರೆ ಮೋಹನ್‌ರಾಜ್ ಮತ್ತೆ ಎಳಿಲನ ಬಾಗಿಲಿಗೇ ಬರುತ್ತಾರೆ. ಅದಕ್ಕೇ ನಾನು ಇಲ್ಲಿಗೆ ಬಂದದ್ದು.

“ಈ ಗುಡುಗ್ನ ಯಾಕೆ ಇಟ್ಕೊಂಡ್ರಿ ಅಣ್ಣೆ? ತೆಗ್ದಾಕ್ಬೋದಾಗಿತ್ತು.”

“ಅಲೆ ಬಿದ್ದಂಗಿತ್ತು ತಂಗಚ್ಚಿ,” ಎಂದರು. “ಬ್ಯಾರೆಯೋರು ಬೇಕೂಂತ್ಲೇ ಪೆಟ್ಗೆ ಒದ್ದು ಈ ಸದ್ದು ತರಿಸ್ತಾರೆ. ನಮ್ಗೆ ತಾನಾಗೇ ಬಂದಿತ್ತು. ಪಾಂಡಿ ಕಾಲು ತಾಗ್ಸಿರ್ಬೇಕು ಅಂದ್ಕೊಂಡೆ. ಅದ್ನ ಅಳ್ಸಾಕೆ ನಂಗೆ ಮನ್ಸೇ ಬರ್ಲಿಲ್ಲೆ.”

ಒಬ್ಬನ ತಲೆ ಒಡೆದ ಸದ್ದನ್ನು ಅಲಂಕಾರವೆಂದು ಇಟ್ಟುಕೊಂಡು ಊರಿಗೆಲ್ಲ ಹಂಚಿದ್ದರು. ಬೇರೆ ಯಾವ ಕಸುಬಿನವರೂ ಈ ತಪ್ಪು ಮಾಡಲಾರರು.

“ಆ ಗುಡುಗು ಬರೋವಾಗ ಡ್ರಮ್ಮು ಐತೆ,” ಎಂದೆ. “ಎಳಿಲ್ ಗಿಟಾರೂ ಐತೆ. ನಿಮ್ ಬಾಸ್ ಮಾತ್ರ ಇಲ್ಲೆ. ಆಗ ನೀವು ಎಲ್ಲಿದ್ರಿ ಅಣ್ಣೆ?”

ಅವರು ಎದ್ದರು. ದೊಡ್ಡ ಆಳು. ದ್ರಾಕ್ಷಿ ಚಪ್ಪರದ ಕಲ್ಲುಕಂಬ ಒಬ್ಬರೇ ಎತ್ತಿ ನಿಲ್ಲಿಸುವವರು. ನನ್ನ ನೀಲಿ ಸೀರೆಯ ಸೆರಗು ಬಿಗಿಹಿಡಿದು ಹಿಂದೆ ಸರಿದೆ. ಸ್ಪಂಜಿನ ಗೋಡೆ ಬೆನ್ನಿಗೆ ಮೆತ್ತಗೆ ತಾಗಿತು. ಫೋನು ನೋಡಿದೆ, ಒಂದು ಗೀಟೂ ಸಿಗ್ನಲ್ ಇಲ್ಲ. ಇಲ್ಲಿಗೆ ಬರುವುದನ್ನು ಯಾರಿಗೂ ಹೇಳದೆ ಬಂದಿದ್ದೆ. ಕತ್ತರಿ ಅವರ ಕೈಗೆ ಹತ್ತಿರವಿತ್ತು, ನನ್ನ ಕೈಗಲ್ಲ.

“ನನ್ನ ಮೇಲೆ ಸಂದೇಗಾನಾ?” ಎಂದರು. ಕೋಪವಿರಲಿಲ್ಲ ಆ ದನಿಯಲ್ಲಿ. ಅದೇ ನನ್ನನ್ನು ಇನ್ನಷ್ಟು ಹೆದರಿಸಿತು.

“ಉತ್ರ ಏಳಿ.”

“ಆ ಜಾಗ್ದಾಗೆ ಬಾಸ್ ನಿಲ್ಲೋದೇ ಪಾಟ್ಟು. ಒಂದೊಂದು ಸುತ್ತಿಗೂ ಅಂಗೇ ನಿಲ್ತದೆ, ಮೊದ್ಲಿಂದ ಕೇಳ್ನೋಡು. ಗ್ವಾಡೆ ಕಡೆ ತಿರುಗಿ ತಂತಿ ಮೇಲೆ ಕೈ ಇಟ್ಕೊಂಡು ನಿಂತಿದ್ದೆ.”

“ನೋಡಿದೋರು ಯಾರು?”

ಅವರು ಆಲ್ಬಮ್ಮಿನ ಅಟ್ಟೆಯನ್ನು ಎತ್ತಿಕೊಂಡು ಹಿಂಬದಿ ತಿರುಗಿಸಿ, ಆ ದಪ್ಪ ಅಕ್ಷರಗಳ ಮೇಲೆ ಹೆಬ್ಬೆರಳು ಆಡಿಸಿದರು. ನೋಡುತ್ತಿದ್ದಂತೆ ಅವರ ಕಣ್ಣು ತುಂಬಿತು.

“ಇದು ಪೊಯ್ಯಿ ತಂಗಚ್ಚಿ,” ಎಂದರು. “ಸುಳ್ಳು. ಒಂದೇ ಉಸ್ರಲ್ಲ.”

ನನಗೆ ತಕ್ಷಣ ಅರ್ಥವಾಗಲಿಲ್ಲ. ಅರ್ಥವಾಗುವುದು ಬೇಡವೆಂದು ಮನಸ್ಸು ತಡೆಯಿತೋ ಏನೋ.

“ನಾವ್ ಮೂವರೂ ಒಟ್ಟಿಗೆ ನುಡಿಸ್ತೀವಿ, ತಂತಿ ಅರ್ದೋದ್ರೂ ನಿಲ್ಸಾಕಿಲ್ಲೆ. ಅದು ನಮ್ ಕಟ್ಳೆ. ಜಪಾನ್ನಾಗಿಂದ ಬರ್ದವ್ರೆ, ನಿಮ್ಮಂಗೆ ಈಗ ಯಾರೂ ಮಾಡಾಕಿಲ್ಲೆ ಅಂತ. ಆ ಮಾನ ಓಗ್ಬಾರ್ದು ಅಂತ ಬಾಯಿ ಮುಚ್ಕೊಂಡಿದ್ದೆ.” ಅವರು ಮತ್ತೆ ಕಂಪ್ಯೂಟರಿನ ಮುಂದೆ ಕೂತರು. “ಒಂದೊಂದು ಮೈಕ್ನೂ ತನಿತನಿಯಾಗಿ ಕೇಳ್ಬೋದು. ಈಗ ಡ್ರಮ್ ಮೇಲೆ ತೂಗಾಕಿದ್ದ ಮೈಕು ಮಾತ್ರ ಆಕ್ತೀನಿ. ಅದು ಸಂತೆ ಬಾಗ್ಲಾಗೆ ಕುಂತಿರೋ ಮುದ್ಕಿ ಇದ್ದಂಗೆ. ಈ ಕೋಣೆಯಾಗೆ ಯಾರ್ ಏನ್ ಮಾಡಿದ್ರೂ ಅದ್ರ ಕಿವಿಗೆ ಬೀಳ್ತದೆ.”

ಡ್ರಮ್ ಕೇಳಿಸಿತು. ಅದರ ಹಿಂದೆ ಸಣ್ಣಗೆ, ಪಕ್ಕದ ಬೀದಿಯ ಮದುವೆ ಮನೆಯಿಂದ ಬಂದಷ್ಟು ಸಣ್ಣಗೆ ಗಿಟಾರ್. ಅದೂ ಕೋಣೆಯಲ್ಲೇ ಇದ್ದುದರಿಂದ ಈ ಮೈಕಿಗೂ ಸೋರಿತ್ತು. ಕೇಳುತ್ತ ಕೇಳುತ್ತ ಬಾಸ್ ನಿಲ್ಲುವ ಜಾಗ ಬಂತು.

ಗಿಟಾರ್ ನಿಂತಿತು.

ನಾನು ಮುಂದಕ್ಕೆ ಬಾಗಿದೆ. ಡ್ರಮ್ ಒಂದೇ ಓಡುತ್ತಿತ್ತು. ಬರಿಗಾಲ ಹೆಜ್ಜೆ ನೆಲಕ್ಕೆ ತಾಗಿದ ಹಾಗೆ ಏನೋ. ಗಿಟಾರಿನ ವೈರು ಎಳೆದಾಡಿದ ಸರಸರ. ಒಂದು ಬಾಗಿಲು. ಆಮೇಲೆ ದೂರದಲ್ಲಿ, ಒಳಕೋಣೆಯಲ್ಲಿ, ಅಕ್ಕಿ ಮೂಟೆ ಬಿದ್ದಂಥ ದಪ್ಪ ಸದ್ದು.

ಡ್ರಮ್ ಒಂದು ಪೆಟ್ಟು ತಪ್ಪಿತು. ಒಂದೇ ಒಂದು. ಮತ್ತೆ ಓಡಿತು, ಮೊದಲಿಗಿಂತ ಜೋರಾಗಿ, ಓಡಿ ತಪ್ಪಿಸಿಕೊಳ್ಳುವವರ ಹಾಗೆ. ಬಾಸ್ ಬಂದು ಸೇರಿಕೊಂಡಿತು. ಕೊನೆಯವರೆಗೂ ಗಿಟಾರ್ ಮಾತ್ರ ಬರಲಿಲ್ಲ.

“ಆಲ್ಬಮ್ಮಿನಾಗೆ ಗಿಟಾರ್ ಐತಲ್ಲ,” ಎಂದೆ. “ಗುಡುಗಿನ ಮೇಲೇ ಐತಲ್ಲ ಅಣ್ಣೆ.”

“ಮಾರ್ನೇ ದಿನ ಬೆಳಿಗ್ಗೆ ಸೇರ್ಸಿದ್ದು. ನುಡಿಸ್ತಾ ಇದ್ದಂಗೇ ಎಳಿಲ್ ಒಳಗೆ ಓಗಿದ್ದು ನಂಗೊತ್ತು. ಸ್ಪ್ರಿಂಗ್ ಸದ್ದು ಬರ್ತಾ ಇರ್ಲಿಲ್ಲೆ, ನೋಡಾಕೋದೆ ಅಂದ. ಪಾಂಡಿ ಎಲ್ಲೋ ಅಂದ್ರೆ, ನಿನ್ನೆ ಜಗ್ಳ ಮನ್ಸಾಗಿಟ್ಕೊಂಡು ಇಂದ್ಗಡೆ ಬಾಗ್ಲಿಂದ ಒಂಟೋದ, ತಿಂಡುಕ್ಕಲ್ ಬಸ್ ಇಡೀತೀನಿ ಅಂದ ಅಂತ ಏಳ್ದ. ನಾನ್ ನಂಬ್ದೆ. ಬೆಳಿಗ್ಗೆ ಒಬ್ನೇ ಬಂದು ಬಿಟ್ಟೋಗಿರೋದ್ನ ನುಡಿಸ್ತೀನಿ ಅಣ್ಣೆ ಅಂದ. ನಾನೇ ಬಟನ್ ಒತ್ತಿದ್ದು.” ರಾಜೇಂದ್ರನ್ ಮುಖ ಒರೆಸಿಕೊಂಡರು. “ಆ ಗುಡುಗು ತೆಗ್ದುಬುಡಿ ಅಂತ ಅವ್ನು ಕೈ ಮುಗ್ದ ತಂಗಚ್ಚಿ. ಬೇಡ, ಚೆನ್ನಾಗೈತೆ, ಇರ್ಲಿ ಅಂತ ನಾನಂದೆ. ನಾವ್ ಇಂಗೆ ಮಾತಾಡ್ವಾಗ ಪಾಂಡಿ ಬಾವಿಯಾಗಿದ್ದ.”

ನಾನು ಕುಸಿದು ಕೂತೆ. ಎಳಿಲ್. ಜ್ವರ ಬಂದರೆ ನನ್ನ ಸೆರಗು ಹಿಡಿದುಕೊಂಡೇ ಮಲಗುತ್ತಿದ್ದ ಮಗು. ಆಗಲಾರದು ಎಂದು ಎದೆ ಬಡಿದುಕೊಂಡಿತು. ಆದರೆ ಕಿವಿ ಕೇಳಿಬಿಟ್ಟಿತ್ತು.

“ಪೊಲೀಸ್ಗೆ ಯಾಕೆ ಏಳ್ಲಿಲ್ಲೆ?” ಎಂದು ಕಿರುಚಿದೆ. ಸ್ಪಂಜು ಆ ಕೂಗನ್ನು ನುಂಗಿತು.

“ಜಾರಿ ಬಿದ್ದ ಅಂತ ಎಲ್ಲಾರೂ ಅಂದ್ರು, ನಾನೂ ಅಂಗೇ ಅಂದ್ಕೊಂಡೆ. ಎಳಿಲ್ನ ಇಡ್ದಾಗ ನಂಗೆ ನೆಮ್ಮದಿ ಆಯ್ತು, ನಾನ್ ಬಾಯಿ ಬಿಡ್ದೇನೆ ಸಿಕ್ದ ಅಂತ.” ಅವರು ನನ್ನನ್ನೇ ನೋಡಿದರು. “ನೀನ್ ಬಿಡಿಸ್ಬುಟ್ಟೆ.”

ನಾನೇ. ನನ್ನ ಜಾಣತನವೇ. ಮುನಿಯಮ್ಮಾಳ ಮುಖ ಕಣ್ಣ ಮುಂದೆ ಬಂದು ನಿಂತಿತು.

ಆಗ ಇನ್ನೊಂದು ಮಾತು ತಲೆಗೆ ಹೊಳೆಯಿತು.

“ಡ್ರಮ್ಮಿನಾಗೆ ಒಂದು ಪೆಟ್ಟು ತಪ್ತಲ್ಲ ಅಣ್ಣೆ. ಯುವಶ್ರೀ ಎಲ್ಲಿ ಕುಂತಿದ್ಲು?”

ಅವರು ಕೈ ತೋರಿಸಿದರು. ಡ್ರಮ್ಮಿನ ಹಿಂದಿನ ಸಣ್ಣ ಸ್ಟೂಲಿನಿಂದ ಒಳಕೋಣೆಯ ಬಾಗಿಲು ನೇರ ಕಾಣುತ್ತಿತ್ತು.

ಅವಳು ನೋಡಿದ್ದಳು. ನೋಡಿಯೂ ನುಡಿಸಿದ್ದಳು. ಹೆದರಿ ಇಷ್ಟು ದಿನ ಬಾಯಿ ಕಟ್ಟಿಕೊಂಡಿದ್ದಳು. ಬೆಳಿಗ್ಗೆ ನಾನು ಕೈ ಹಿಡಿದಾಗ ಹೇಳಲು ಬಾಯಿ ತೆರೆದದ್ದು ಅದಕ್ಕೇ. ನಾನು ಅವಳನ್ನು ಅವನ ಜೊತೆಗೇ ಕಳಿಸಿದ್ದೆ, ಜೊತೆ ಬಿಡಬೇಡ ಎಂದು ಬೇರೆ ಹೇಳಿ.

“ಅವ್ಳು ನೋಡಿದ್ದು ಎಳಿಲ್ಗೆ ಗೊತ್ತಿಲ್ಲೆ. ಅಲ್ವಾ ಅಣ್ಣೆ? ಗೊತ್ತಿರಾಕಿಲ್ಲೆ.”

ರಾಜೇಂದ್ರನ್ ತಲೆ ತಗ್ಗಿಸಿದರು.

“ಸ್ಟೇಷನ್ನಿಂದ ನೇರ ಇಲ್ಲಿಗೇ ಬಂದ್ರು. ಆ ಪುಳ್ಳೆ ಯುವಾ ಹೊರ್ಗೆ ಗಾಡಿ ಮೇಲೆ ಕುಂತಿದ್ಲು. ಇವ್ನು ಒಳಗ್ ಬಂದು, ಡ್ರಮ್ ಮೈಕು ಒಂದೇ ಕೇಳ್ಸಿ ಅಣ್ಣೆ ಅಂದ. ಆ ತಪ್ಪಿದ ಜಾಗ್ವ ತಿರುಗ್ಸಿ ತಿರುಗ್ಸಿ ಕೇಳ್ದ. ಕೇಳ್ಬುಟ್ಟು, ಅವ್ಳು ಯಾವತ್ತೂ ತಾಳ ತಪ್ಪೋಳಲ್ಲ ಅಲ್ವಾ ಅಣ್ಣೆ ಅಂದ. ಆಮೇಲೆ ಒಂಟೋದ.”

ಬಾಗಿಲು ಹೇಗೆ ತೆಗೆದೆನೋ ತಿಳಿಯದು. ಹೊರಗಿನ ಗಾಳಿ ಮುಖಕ್ಕೆ ಹೊಡೆಯಿತು. ಫೋನಿಗೆ ಸಿಗ್ನಲ್ ಬಂತು. ಮೊದಲು ತೇವಾರಂಗೆ ಮಾಡಿದೆ.

“ಇನ್ನೂ ಬಂದಿಲ್ಲೆ ಕಣೇ,” ಎಂದಳು ಅಕ್ಕ. “ಅನ್ನ ಆರ್ತಾ ಕುಂತೈತೆ. ಯಾಕೆ, ಏನಾಯ್ತು?”

ಉತ್ತರ ಕೊಡದೆ ಇಟ್ಟು ಯುವಶ್ರೀಗೆ ಮಾಡಿದೆ. ರಿಂಗಾಯಿತು, ರಿಂಗಾಗುತ್ತಲೇ ಇತ್ತು. ತೆಗಿ ತಾಯಿ, ತೆಗಿ ಎಂದು ಬಾಯಿಬಿಟ್ಟು ಬೇಡಿಕೊಂಡೆ.

“ಅತ್ತೆ,” ಎಂದಿತು ದನಿ. ಎಳಿಲನದು.

“ಯುವಾ ಎಲ್ಲೋ?”

“ಕೈ ತೊಳೀತಾ ಅವ್ಳೆ. ತೇವಾರಂ ಬಂದ್ಬುಟ್ವಿ ಅತ್ತೆ. ಪೆರಿಯತ್ತೆ ಊಟ ಆಕ್ತಾ ಅವ್ರೆ.”

ಅವನು ನನ್ನ ಜೊತೆ ಯಾವಾಗಲೂ ತಮಿಳಿನಲ್ಲೇ ಮಾತಾಡುತ್ತಾನೆ. ಮನೆಯ ಮಾತಾದ ಈ ಕನ್ನಡ ಅವನಿಗೆ ಅರ್ಥವಾಗುತ್ತದೆ, ನಾಲಿಗೆಗೆ ಸರಿಯಾಗಿ ಬರುವುದಿಲ್ಲ. ನನ್ನಿಂದ ಏನಾದರೂ ಬೇಕಾದಾಗ ಮಾತ್ರ ಹೀಗೆ ಕಷ್ಟಪಟ್ಟು ಆಡುತ್ತಾನೆ, ಚಿಕ್ಕಂದಿನಿಂದಲೂ.

“ಫೋನ್ ಅವ್ಳ ಕೈಗ್ ಕೊಡು ಕಣ್ಣು. ಒಂದ್ ಮಾತು.”

“ನೀವು ಎಲ್ಲಿವ್ರಿ ಅತ್ತೆ?”

ಸುಳ್ಳು ಹೇಳುವುದು ನನ್ನ ಕಸುಬು. ಬೀಗರ ಮುಂದೆ ನೂರು ಸಲ ಹೇಳಿದ್ದೇನೆ, ಒಮ್ಮೆಯೂ ನಾಲಿಗೆ ತೊದಲಿಲ್ಲ. ಆ ಹುಡುಗಿಯ ಉಸಿರು ಈ ಒಂದು ಸುಳ್ಳಿನಲ್ಲಿದೆ ಎಂದುಕೊಂಡು, ಗಂಟಲು ಸರಿಮಾಡಿಕೊಂಡೆ.

“ತೇನಿಯಾಗೆ, ಮನೆಯಾಗೆ ಇವ್ನಿ ಕಣ್ಣು. ಈಗ್ತಾನೆ ಉಣ್ಣಾಕೆ ಕುಂತೆ.”

ಗಾಳಿಗೆ ದ್ರಾಕ್ಷಿ ಎಲೆ ಪಟಪಟಿಸುವುದು ನನ್ನ ಸುತ್ತಲೂ ಕೇಳುತ್ತಿತ್ತು. ಫೋನಿನೊಳಗೂ ಕೇಳುತ್ತಿತ್ತು.

“ಅಂಗಾದ್ರೆ ಅತ್ತೆ,” ಎಂದ ಎಳಿಲ್, ತುಂಬ ಮೆಲ್ಲಗೆ, “ಸ್ಟುಡಿಯೊ ಬಾಗ್ಲಾಗೆ ನೀಲಿ ಸೀಲೆ ಉಟ್ಕೊಂಡು ನಿಂತಿರೋದು ಯಾರು?”